ಬೆನ್ನು ತೋರಿಸಿ ನಿಂತವನು ಏನು ನೋಡುತ್ತಿದ್ದಾನೆ?

ಜರ್ಮನ್ ರಮ್ಯ ಚಿತ್ರಕಲೆ: ಒಂಬತ್ತನೆಯ ತರಗತಿಯಲ್ಲಿ ಮೂರು ಅವಧಿಗಳ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಯ ಭಾಗವಾಗಿ ನಾವೆಲ್ಲ ಕಲಾ ಸಂಯೋಜಿತ ಕಲಿಕೆಯ ಒಂದು ಪಾಠವನ್ನು ಸಿದ್ಧಪಡಿಸಬೇಕಿತ್ತು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಸಹಪಾಠಿಗಳು ರಂಗೋಲಿಯ ಸಮ್ಮಿತಿ, ಕಾಗದದ ಮಡಿಕೆಗಳಂತಹ ವಿಷಯಗಳನ್ನು ಆರಿಸಿಕೊಂಡರು. ನಾನು ಇನ್ನೂರು ವರ್ಷ ಹಳೆಯ ಒಂದು ಜರ್ಮನ್ ಚಿತ್ರವನ್ನು ಆರಿಸಿಕೊಂಡೆ. ಕಾರಣ ಸರಳ. ಬಂಡೆಯೊಂದರ ತುದಿಯಲ್ಲಿ ನಮಗೆ ಬೆನ್ನು ಹಾಕಿ ನಿಂತು, ಕೆಳಗೆ ಹಬ್ಬಿದ ಮಂಜನ್ನು ನೋಡುತ್ತಿರುವ ಮನುಷ್ಯನ ಚಿತ್ರ ಅದು. ಪುಸ್ತಕದ ಮುಖಪುಟಗಳಲ್ಲಿ, ಪೋಸ್ಟರುಗಳಲ್ಲಿ, ಮೊಬೈಲಿನಲ್ಲಿ ಅದನ್ನು ಹಲವು ಸಲ ನೋಡಿದ್ದೆ. ಬರೆದವರು ಯಾರೆಂದು ಮಾತ್ರ ತಿಳಿದಿರಲಿಲ್ಲ. ನನಗೆ ತಿಳಿಯದೆಯೇ ಇಷ್ಟು ಪರಿಚಿತವಾಗಿರುವ ಚಿತ್ರ ಮಕ್ಕಳಿಗೂ ಪರಿಚಿತವಾಗಿರಬಹುದು, ಅಲ್ಲಿಂದಲೇ ಪಾಠ ಆರಂಭಿಸಬಹುದು ಎಂದುಕೊಂಡೆ.

ಈ ಪಾಠವನ್ನು ಒಂಬತ್ತನೆಯ ತರಗತಿಯ ಎರಡು ವಿಭಾಗಗಳಲ್ಲಿ ಮಾಡಿದೆ. ಮೊದಲ ವಿಭಾಗದಲ್ಲಿ ಒಂದು ರೀತಿಯ ತಪ್ಪಾಯಿತು, ಎರಡನೆಯದರಲ್ಲಿ ಅದಕ್ಕೆ ವಿರುದ್ಧವಾದ ತಪ್ಪಾಯಿತು. ಎರಡನ್ನೂ ಸರಿಪಡಿಸಿಕೊಳ್ಳಲು ಮೂರನೆಯ ಅವಧಿಯನ್ನು ಕೇಳಿ ಪಡೆದೆ. ಚಿತ್ರವೊಂದನ್ನು ತರಗತಿಗೆ ಒಯ್ಯುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನೆರವಾಗಬಹುದೆಂದು ವಿಷಯವನ್ನೂ ಅನುಭವವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಕನ್ನಡದಲ್ಲಿ ‘ರಮ್ಯ’ ಅಥವಾ ‘ರೊಮ್ಯಾಂಟಿಕ್’ ಎಂದೊಡನೆ ನಮಗೆ ಕಾವ್ಯ ನೆನಪಾಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಇಂಗ್ಲೆಂಡಿನ ರಮ್ಯ ಕವಿಗಳು ನಮ್ಮ ನವೋದಯಕ್ಕೆ ಪರಿಚಿತರಾದರು. ಅದೇ ಕಾಲಘಟ್ಟದಲ್ಲಿ ಜರ್ಮನ್ ಭಾಷಿಕ ನಾಡುಗಳಲ್ಲಿ ಚಿತ್ರಕಲೆಯೂ ಇದೇ ದಾರಿ ಹಿಡಿದಿತ್ತು ಎಂಬುದು ನಮ್ಮ ಓದಿನಲ್ಲಿ ಅಷ್ಟಾಗಿ ಬರುವುದಿಲ್ಲ.

ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಹಲವು ಸಣ್ಣ ದೊಡ್ಡ ರಾಜ್ಯಗಳಿದ್ದವು. 1806ರಲ್ಲಿ ನೆಪೋಲಿಯನ್ ಪ್ರಷ್ಯವನ್ನು ಸೋಲಿಸಿದ. ಮುಂದಿನ ಕೆಲವು ವರ್ಷ ಫ್ರೆಂಚ್ ಸೈನ್ಯದ ಹಿಡಿತ, ಆಮೇಲೆ ವಿಮೋಚನೆಯ ಯುದ್ಧಗಳು. ಎಲ್ಲವನ್ನೂ ತರ್ಕದಿಂದ ಅಳೆಯಬಹುದೆಂಬ ಹದಿನೆಂಟನೆಯ ಶತಮಾನದ ನಂಬಿಕೆಯನ್ನೂ ಯುವಕರು ಪ್ರಶ್ನಿಸತೊಡಗಿದ್ದರು. ಈ ತಲೆಮಾರಿನ ಕಲಾವಿದರು ಪುರಾಣದ ವೀರರನ್ನು, ರಾಜರನ್ನು ಬಿಟ್ಟು ಬೆಟ್ಟ, ಕಡಲು, ಮಂಜು, ಮರಗಳ ಕಡೆಗೆ ತಿರುಗಿದರು. ನಿಸರ್ಗದೃಶ್ಯವು ಮನುಷ್ಯನ ಹಿಂದಿನ ಪರದೆಯಾಗಿ ಉಳಿಯದೆ ಚಿತ್ರದ ಮುಖ್ಯ ವಿಷಯವಾಯಿತು.

ಇವರಲ್ಲಿ ಪ್ರಮುಖನು ಕಾಸ್ಪರ್ ಡೇವಿಡ್ ಫ್ರೀಡ್ರಿಖ್. 1774ರಲ್ಲಿ ಬಾಲ್ಟಿಕ್ ಕಡಲ ತೀರಕ್ಕೆ ಹತ್ತಿರದ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿದ. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುತ್ತಿದ್ದವರು. ಏಳನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. 1787ರಲ್ಲಿ, ಅವನಿಗೆ ಹದಿಮೂರು ವರ್ಷವಾಗಿದ್ದಾಗ, ತಮ್ಮ ನೀರಿನಲ್ಲಿ ಮುಳುಗಿ ಸತ್ತ. ತನ್ನನ್ನು ಕಾಪಾಡಲು ಬಂದೇ ತಮ್ಮ ಸತ್ತನೆಂಬ ಮಾತು ಮೊದಲಿನಿಂದಲೂ ಪ್ರಚಲಿತವಿದೆ. ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಕಲಿತು 1798ರಲ್ಲಿ ಡ್ರೆಸ್ಡನ್ ನಗರಕ್ಕೆ ಬಂದ ಫ್ರೀಡ್ರಿಖ್, 1840ರಲ್ಲಿ ಸಾಯುವವರೆಗೂ ಅಲ್ಲಿಯೇ ನೆಲೆಸಿದ.

ಅವನ ಸಮಕಾಲೀನ ಫಿಲಿಪ್ ಒಟ್ಟೊ ರುಂಗೆಯ ಹೆಸರು ವಿಜ್ಞಾನ ಶಿಕ್ಷಕರಿಗೆ ತಿಳಿದಿರಬೇಕು. 1810ರಲ್ಲಿ ಅವನು ಬಣ್ಣಗಳನ್ನೆಲ್ಲ ಒಂದು ಗೋಳದ ಮೇಲೆ ಜೋಡಿಸಿ ತೋರಿಸಿದ. ಒಂದು ಧ್ರುವದಲ್ಲಿ ಬಿಳಿ, ಇನ್ನೊಂದರಲ್ಲಿ ಕಪ್ಪು, ನಡುವಿನ ಸಮಭಾಜಕದ ಸುತ್ತ ಶುದ್ಧ ಬಣ್ಣಗಳು. ಅದೇ ವರ್ಷ 33ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ. ಫ್ರೀಡ್ರಿಖ್‌ನ ಗೆಳೆಯ ಕಾರ್ಲ್ ಗುಸ್ಟಾಫ್ ಕಾರುಸ್ ವೃತ್ತಿಯಿಂದ ವೈದ್ಯ, ಜೊತೆಗೆ ಚಿತ್ರಕಾರ. ರಮ್ಯ ಕಲಾವಿದರೆಂದರೆ ವಿಜ್ಞಾನಕ್ಕೆ ಬೆನ್ನು ಹಾಕಿದವರು ಎಂಬ ನನ್ನ ಊಹೆ ಈ ಇಬ್ಬರನ್ನು ಓದಿದಾಗಲೇ ಸಡಿಲವಾಯಿತು.

ಪಾಠದ ಉದ್ದೇಶಗಳು

1. ವಿದ್ಯಾರ್ಥಿಗಳು ಒಂದು ಚಿತ್ರವನ್ನು ಕನಿಷ್ಠ ಎರಡು ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನು ಹೇಳುವರು.
2. ‘ಕಂಡದ್ದು’ ಮತ್ತು ‘ಅನಿಸಿದ್ದು’ ಇವೆರಡರ ವ್ಯತ್ಯಾಸ ಗುರುತಿಸುವರು.
3. ದಿಗಂತರೇಖೆ ಮತ್ತು ನೋಡುವವನ ಕಣ್ಣಿನ ಎತ್ತರದ ಸಂಬಂಧವನ್ನು ಚಿತ್ರದಲ್ಲಿ ಪತ್ತೆಹಚ್ಚುವರು.
4. ಇನ್ನೂರು ವರ್ಷ ಹಳೆಯ ಚಿತ್ರವೊಂದು ಇಂದಿಗೂ ಏಕೆ ಹಿಡಿಸುತ್ತದೆ ಎಂಬುದಕ್ಕೆ ಚಿತ್ರದಿಂದಲೇ ಕಾರಣ ಕೊಡುವರು.

ಬೋಧನೋಪಕರಣಗಳು: ‘ಮಂಜಿನ ಕಡಲ ಮೇಲೆ ನಿಂತ ಪಯಣಿಗ’ (ಸುಮಾರು 1818), ‘ಕಡಲ ತಡಿಯ ಸನ್ಯಾಸಿ’ (1808–10), ‘ಹಿಮದ ಕಡಲು’ (1823–24) ಈ ಮೂರರ ಬಣ್ಣದ ಪ್ರಿಂಟುಗಳು, ಮೀಟರ್ ಪಟ್ಟಿ, ಸೀಮೆಸುಣ್ಣ, ಕಾಗದದ ಚೂರುಗಳು.

ಮೊದಲ ಅವಧಿ: ಉತ್ತರ ಮೊದಲು, ಚಿತ್ರ ಆಮೇಲೆ

‘ಎ’ ವಿಭಾಗದಲ್ಲಿ ಪಾಠ ಯೋಜನೆಯಲ್ಲಿ ಬರೆದಂತೆಯೇ ನಡೆದೆ. ಕಪ್ಪುಹಲಗೆಯ ಮೇಲೆ ‘ರಮ್ಯ ಚಿತ್ರಕಲೆಯ ಲಕ್ಷಣಗಳು’ ಎಂದು ಶೀರ್ಷಿಕೆ ಬರೆದು ಕೆಳಗೆ ಭಾವನೆ, ನಿಸರ್ಗ, ಏಕಾಂತ, ಭವ್ಯತೆ ಎಂದು ನಾಲ್ಕು ಅಂಶ ಬರೆದೆ. ಪ್ರತಿಯೊಂದನ್ನೂ ವಿವರಿಸಿದೆ. ಇಪ್ಪತ್ತು ನಿಮಿಷವಾದ ಮೇಲೆ ಪಯಣಿಗನ ಚಿತ್ರ ತೋರಿಸಿ, “ಇದರಲ್ಲಿ ನಿಮಗೆ ಏನು ಕಾಣುತ್ತದೆ?” ಎಂದು ಕೇಳಿದೆ.

“ಏಕಾಂತ, ಮಿಸ್” ಎಂದಳು ಮುಂದಿನ ಬೆಂಚಿನ ಹುಡುಗಿ. “ಭವ್ಯತೆ” ಎಂದ ಇನ್ನೊಬ್ಬ. ಅವರ ಕಣ್ಣು ಚಿತ್ರದ ಕಡೆ ಇರಲಿಲ್ಲ, ಹಲಗೆಯ ಕಡೆ ಇತ್ತು. ಆ ಮನುಷ್ಯನ ಕೈಯಲ್ಲಿ ಏನಿದೆ ಎಂದು ಕೇಳಿದಾಗ ತರಗತಿಯಲ್ಲಿ ಯಾರೂ ಹೇಳಲಿಲ್ಲ. ಊರುಗೋಲು ಇದೆ. ಕೂದಲು ಗಾಳಿಗೆ ಹಾರುತ್ತಿದೆ. ಎಡಗಾಲು ಮುಂದಿದೆ. ಇವೆಲ್ಲ ಪ್ರಿಂಟಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಮೌಲ್ಯಮಾಪನದ ಪ್ರಶ್ನೆಗಳಿಗೆ ಎಲ್ಲರೂ ಸರಿಯಾದ ಉತ್ತರ ಬರೆದರು. ಕಾಗದದ ಲೆಕ್ಕದಲ್ಲಿ ಪಾಠ ಯಶಸ್ವಿ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಒಂದೇ ಸಾಲು ಬರೆದಿದ್ದರು: ಮಕ್ಕಳು ಚಿತ್ರ ನೋಡಿದ್ದು ಯಾವಾಗ?

ಆ ರಾತ್ರಿ ಮತ್ತೆ ಓದುತ್ತಿದ್ದಾಗ ಒಂದು ಪ್ರಸಂಗ ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ಲ್ಯೂಕ್ ಹೋವರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೋಡಗಳನ್ನು ವರ್ಗೀಕರಿಸಿ ಹೆಸರಿಟ್ಟ. ನಮ್ಮ ಭೂಗೋಳ ಪಾಠದಲ್ಲಿ ಬರುವ ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡಗಳ ವರ್ಗೀಕರಣಕ್ಕೆ ಮೂಲ ಅದೇ. ಜರ್ಮನ್ ಕವಿ ಗಯಟೆಗೆ ಇದು ತುಂಬ ಮೆಚ್ಚಿಗೆಯಾಯಿತು. ಈ ವರ್ಗೀಕರಣದಂತೆ ಮೋಡಗಳನ್ನು ಚಿತ್ರಿಸಿಕೊಡುವಂತೆ 1816ರಲ್ಲಿ ಫ್ರೀಡ್ರಿಖ್‌ನನ್ನು ಕೇಳಿಸಿದ. ಫ್ರೀಡ್ರಿಖ್ ಒಪ್ಪಲಿಲ್ಲ. ಹಗುರವಾಗಿ, ಸ್ವತಂತ್ರವಾಗಿ ತೇಲುವ ಮೋಡಗಳನ್ನು ಒಂದು ಚೌಕಟ್ಟಿಗೆ ಕಟ್ಟಿಹಾಕಿದರೆ ನಿಸರ್ಗಚಿತ್ರದ ಬುಡವೇ ಅಲುಗುತ್ತದೆ ಎಂಬುದು ಅವನ ಅಳುಕಾಗಿತ್ತು.

ವಿಜ್ಞಾನದ ವಿದ್ಯಾರ್ಥಿನಿಯಾಗಿ ನನ್ನ ಒಲವು ಗಯಟೆಯ ಕಡೆಗೇ. ವರ್ಗೀಕರಣವಿಲ್ಲದೆ ಹವಾಮಾನ ವಿಜ್ಞಾನವಿಲ್ಲ. ಫ್ರೀಡ್ರಿಖ್ ಇದ್ದ ಮನೆಯಲ್ಲಿಯೇ ಮುಂದೆ ವಾಸಿಸಿದ ನಾರ್ವೆಯ ಚಿತ್ರಕಾರ ಯೊಹಾನ್ ಕ್ರಿಶ್ಚಿಯನ್ ಡಾಲ್ ಮೋಡಗಳನ್ನು ಸೊಗಸಾಗಿ ಅಭ್ಯಾಸ ಮಾಡಿ ಚಿತ್ರಿಸಿದ. ಅದರಿಂದ ಅವನ ಕಲೆ ಕೆಡಲಿಲ್ಲ. ಆದರೂ ಫ್ರೀಡ್ರಿಖ್‌ನ ಅಳುಕು ನನಗೆ ಆ ದಿನ ಅರ್ಥವಾಯಿತು. ಹೆಸರು ಮೊದಲು ಬಂದರೆ ಕಣ್ಣು ಆ ಹೆಸರನ್ನು ಮಾತ್ರ ಹುಡುಕುತ್ತದೆ. ‘ಎ’ ವಿಭಾಗದಲ್ಲಿ ನಾನು ಮಾಡಿದ್ದು ಅದನ್ನೇ.

ಎರಡನೆಯ ಅವಧಿ: ಚಿತ್ರ ಮೊದಲು

‘ಬಿ’ ವಿಭಾಗದಲ್ಲಿ ಹಲಗೆಯನ್ನು ಖಾಲಿ ಬಿಟ್ಟೆ. ಚಿತ್ರದ ಹೆಸರನ್ನಾಗಲಿ ಚಿತ್ರಕಾರನ ಹೆಸರನ್ನಾಗಲಿ ಹೇಳಲಿಲ್ಲ. ಪಯಣಿಗನ ಪ್ರಿಂಟುಗಳನ್ನು ಗುಂಪುಗಳಿಗೆ ಕೊಟ್ಟು, ಎರಡು ನಿಮಿಷ ಮಾತಾಡದೆ ನೋಡಿ ಎಂದೆ. ಮೊದಲ ಅರ್ಧ ನಿಮಿಷ ನಗು, ಪಿಸುಮಾತು. ಆಮೇಲೆ ತರಗತಿ ತಾನಾಗಿಯೇ ನಿಶ್ಶಬ್ದವಾಯಿತು. ನಡುವೆ ಮಾತಾಡದೆ ಸುಮ್ಮನಿರುವುದು ನನಗೇ ಹೆಚ್ಚು ಕಷ್ಟವಾಯಿತು.

“ಡಿಪಿ ಫೋಟೊ ಇದ್ದಂಗಿದೆ ಮಿಸ್” ಎಂಬುದು ಮೊದಲ ಮಾತು. “ನಮ್ಮಣ್ಣ ಮುಳ್ಳಯ್ಯನಗಿರೀಲಿ ಹಿಂಗೇ ನಿಂತ್ಕೊಂಡು ಫೋಟೊ ತೆಗೆಸ್ಕೊಂಡಿದಾನೆ.” ಎಲ್ಲರೂ ನಕ್ಕರು. ನಾನು ಕೇಳಿದೆ: “ನಿಮ್ಮಣ್ಣ ಯಾಕೆ ಬೆನ್ನು ತೋರಿಸಿ ನಿಂತ?” ಹುಡುಗ ಯೋಚಿಸಿ, “ಮುಖ ತೋರ್ಸಿದ್ರೆ ಅಣ್ಣನ್ನೇ ನೋಡ್ತಾರೆ. ಹಿಂಗ್ ನಿಂತ್ರೆ ಬೆಟ್ಟ ನೋಡ್ತಾರೆ” ಎಂದ.

ಇಡೀ ಪಾಠದ ತಿರುಳು ಅಲ್ಲೇ ಇತ್ತು. ಬೆನ್ನು ತೋರಿಸಿ ನಿಂತ ಆಕೃತಿಗಳನ್ನು ಫ್ರೀಡ್ರಿಖ್‌ಗಿಂತ ಮೊದಲೂ ಕಲಾವಿದರು ಬರೆದಿದ್ದರು. ಆದರೆ ಅದನ್ನು ಚಿತ್ರದ ಕೇಂದ್ರಕ್ಕೆ ತಂದವನು ಅವನು. ‘ಚಂದ್ರನನ್ನು ನೋಡುತ್ತಿರುವ ಇಬ್ಬರು’ ಚಿತ್ರದಲ್ಲಿ ಇಬ್ಬರೂ ನಮಗೆ ಬೆನ್ನು ಹಾಕಿದ್ದಾರೆ. 1822ರ ‘ಕಿಟಕಿಯ ಬಳಿ ನಿಂತ ಹೆಂಗಸು’ ಚಿತ್ರದಲ್ಲಿ ಅವನ ಹೆಂಡತಿ ಕರೋಲಿನ್ ಕಿಟಕಿಯಾಚೆ ನೋಡುತ್ತಿದ್ದಾಳೆ. ನಮಗೆ ಕಾಣುವುದು ಅವಳ ಬೆನ್ನು, ಕಿಟಕಿಯಾಚೆ ಒಂದು ಹಡಗಿನ ಕೂವೆಮರ. ಮುಖ ಕಾಣದ್ದರಿಂದ ಆ ವ್ಯಕ್ತಿಗೆ ಏನನಿಸುತ್ತಿದೆ ಎಂಬುದು ನಮಗೆ ಸಿಗುವುದಿಲ್ಲ. ಆ ಜಾಗವನ್ನು ನೋಡುವವರೇ ತುಂಬಬೇಕು.

ಇದನ್ನು ಪರೀಕ್ಷಿಸಲು ಒಂದು ಸಣ್ಣ ಚಟುವಟಿಕೆ ಮಾಡಿಸಿದೆ. ಕಾಗದದ ಚೂರಿನಿಂದ ಪಯಣಿಗನನ್ನು ಮುಚ್ಚಿ ನೋಡಿ ಎಂದೆ. “ಈಗ ಬರೀ ಸೀನರಿ” ಎಂದರು. ತೆಗೆಯಿರಿ ಎಂದೆ. “ಈಗ ನಾವೇ ಅಲ್ಲಿ ಹೋಗಿ ನಿಂತಂಗಿದೆ” ಎಂದಳು ಒಬ್ಬಳು. ನಿಸರ್ಗದ ಜೊತೆಗೆ, ನಿಸರ್ಗವನ್ನು ನೋಡುವ ಕ್ರಿಯೆಯೂ ಚಿತ್ರದ ವಿಷಯ ಎಂದು ನಾನು ವಿವರಿಸಬೇಕಾಗಲಿಲ್ಲ.

ಮುಂದೆ ಗಣಿತ. ಸಮತಟ್ಟಾದ ಕಡಲ ಮುಂದೆ ನಿಂತಾಗ ದಿಗಂತರೇಖೆ ನಮ್ಮ ಕಣ್ಣಿನ ಎತ್ತರದಲ್ಲಿಯೇ ಕಾಣುತ್ತದೆ ಎಂಬ ನಿಯಮ ಹೇಳಿ, ಚಿತ್ರದಲ್ಲಿ ಗೆರೆಗಳನ್ನು ಹುಡುಕಿ ಎಂದೆ. ಎರಡೂ ಬದಿಯ ಬೆಟ್ಟದ ಇಳಿಜಾರುಗಳ ಮೇಲೆ ಪೆನ್ಸಿಲಿಟ್ಟು ಎಳೆದಾಗ ಗೆರೆಗಳು ಆ ಮನುಷ್ಯನ ಎದೆಯ ಹತ್ತಿರ ಬಂದು ಸೇರಿದವು. ಫ್ರೀಡ್ರಿಖ್ ಕೆಲಸ ಮಾಡುತ್ತಿದ್ದ ಕೋಣೆಯನ್ನು ಅವನ ಗೆಳೆಯ ಗೆಯಾರ್ಗ್ ಫ್ರೀಡ್ರಿಖ್ ಕೆರ್ಸ್ಟಿಂಗ್ ಚಿತ್ರಿಸಿದ್ದಾನೆ. ಬರಿದಾದ ಕೋಣೆ, ಕೆಳಭಾಗ ಮುಚ್ಚಿದ ಕಿಟಕಿ, ಗೋಡೆಯ ಮೇಲೆ ಪ್ಯಾಲೆಟ್ಟು, ಟಿ-ಸ್ಕ್ವೇರ್, ಮೂಲೆಮಟ್ಟ. ಭಾವನೆಯ ಚಿತ್ರಕಾರನೆಂದು ಹೆಸರಾದವನ ಗೋಡೆಯಲ್ಲಿ ನಮ್ಮ ಜ್ಯಾಮಿತಿ ಪೆಟ್ಟಿಗೆಯ ಸಾಮಾನು ತೂಗುತ್ತಿತ್ತು ಎಂದಾಗ ಮಕ್ಕಳಿಗೆ ಖುಷಿಯಾಯಿತು.

ಮಂಜಿನ ಬಗ್ಗೆ ಒಬ್ಬ ಕೇಳಿದ: “ಮೇಲೆ ಬಿಸಿಲಿದೆ, ಕೆಳಗೆ ಮಂಜು ಹೇಗೆ ನಿಂತಿದೆ ಮಿಸ್?” ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ ಕಣಿವೆಗೆ ಇಳಿಯುತ್ತದೆ. ಅದರಲ್ಲಿದ್ದ ನೀರಾವಿ ಸಾಂದ್ರೀಕರಿಸಿ ಮಂಜಾಗುತ್ತದೆ. ಮೇಲಿರುವ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತು ಅದನ್ನು ಮೇಲೇರಲು ಬಿಡುವುದಿಲ್ಲ. ಶಿಖರಗಳು ಮಾತ್ರ ದ್ವೀಪಗಳಂತೆ ಹೊರಗೆ ಕಾಣುತ್ತವೆ. ಎಲ್ಬ್ ನದಿಯ ಮರಳುಗಲ್ಲಿನ ಬೆಟ್ಟಗಳಲ್ಲಿ ಫ್ರೀಡ್ರಿಖ್ ಇಂತಹ ದೃಶ್ಯ ಕಂಡಿರಲೇಬೇಕು. ಆದರೆ ಇದು ಒಂದೇ ಜಾಗದ ನೋಟವಲ್ಲ. ಕಾಲ್ನಡಿಗೆಯಲ್ಲಿ ತಿರುಗಾಡಿ, ಬೇರೆ ಬೇರೆ ಕಡೆ ಬರೆದುಕೊಂಡ ಬಂಡೆ ಮತ್ತು ಶಿಖರಗಳ ರೇಖಾಚಿತ್ರಗಳನ್ನು ಡ್ರೆಸ್ಡನ್ನಿನ ಕೋಣೆಯಲ್ಲಿ ಕುಳಿತು ಜೋಡಿಸಿದ. ಪಯಣಿಗ ನಿಂತ ಬಂಡೆ 1813ರಲ್ಲಿ ಮಾಡಿದ ರೇಖಾಚಿತ್ರದಿಂದ ಬಂದದ್ದು. ಬಿಡಿಭಾಗಗಳೆಲ್ಲ ನಿಜ, ಇಡೀ ದೃಶ್ಯ ಕಲ್ಪಿತ. ಪ್ರಯೋಗಶಾಲೆಯ ನಿಖರತೆ ಮತ್ತು ಕಲ್ಪನೆ ಒಂದೇ ಚಿತ್ರದಲ್ಲಿ ಇರಬಹುದೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಅವಧಿಯ ಕೊನೆಯಲ್ಲಿ ಎಡವಿದೆ. ಆ ಮನುಷ್ಯನಿಗೆ ಏನನಿಸುತ್ತಿದೆ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಇದೆಲ್ಲಾ ನಂದೇ ಅಂತಾನೆ ಮಿಸ್. ಗೆದ್ದುಬಿಟ್ಟಿದಾನೆ” ಎಂದ. ತರಗತಿ ಚಪ್ಪಾಳೆ ತಟ್ಟಿತು. ಇನ್ನೊಬ್ಬಳು ಮೆಲ್ಲಗೆ, “ದಾರಿ ತಪ್ಪಿದಾನೆ ಅನ್ಸುತ್ತೆ” ಎಂದಳು. ಗಂಟೆ ಹೊಡೆಯಿತು. ನಾನು ಅವಸರದಲ್ಲಿ, “ಎಲ್ಲರ ಉತ್ತರವೂ ಸರಿ. ಚಿತ್ರಕ್ಕೆ ತಪ್ಪು ಉತ್ತರ ಅಂತ ಇಲ್ಲ” ಎಂದು ಮುಗಿಸಿದೆ. ಆಗ ಅದು ಉದಾರವಾದ ಮಾತೆನಿಸಿತ್ತು.

ಖಾಲಿ ಜಾಗದ ಅಪಾಯ

ಪಾಠ ಮುಗಿದ ಮೇಲೆ ಈ ಚಿತ್ರಗಳ ಮುಂದಿನ ಕಥೆಯನ್ನು ಓದಿದೆ. ಓದಿದ ಮೇಲೆ ಆ ಕೊನೆಯ ಮಾತು ನನ್ನನ್ನು ಕಾಡತೊಡಗಿತು.

ಫ್ರೀಡ್ರಿಖ್ ಬದುಕಿದ್ದಾಗಲೇ ಅವನ ಚಿತ್ರಗಳ ಮೆಚ್ಚುಗೆ ಇಳಿಯಿತು. 1835ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ತೈಲವರ್ಣದಲ್ಲಿ ಹೆಚ್ಚು ಕೆಲಸ ಮಾಡಲಾಗಲಿಲ್ಲ. ಸತ್ತ ಮೇಲೆ ದಶಕಗಳ ಕಾಲ ಜನ ಅವನನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು. ನಾರ್ವೆಯ ಕಲಾ ಇತಿಹಾಸಕಾರ ಆಂಡ್ರಿಯಾಸ್ ಔಬರ್ಟ್ ಅವನ ಬಗ್ಗೆ ಮತ್ತೆ ಬರೆದ. 1906ರಲ್ಲಿ ಬರ್ಲಿನ್ನಿನಲ್ಲಿ ನಡೆದ ಜರ್ಮನ್ ಕಲೆಯ ದೊಡ್ಡ ಪ್ರದರ್ಶನದಲ್ಲಿ ಜನ ಅವನನ್ನು ಹೊಸದಾಗಿ ಕಂಡರು. ಆಮೇಲೆ ನಾಜಿಗಳು ಬಂದರು. ಓಕ್ ಮರ, ಬಂಡೆ, ಮಂಜು, ಒಂಟಿ ಮನುಷ್ಯ, ಇವೆಲ್ಲವನ್ನೂ ತಮ್ಮ ‘ಜರ್ಮನ್ ರಕ್ತ, ಜರ್ಮನ್ ನೆಲ’ದ ಪ್ರಚಾರಕ್ಕೆ ಬಳಸಿಕೊಂಡರು. ಇದರ ಕಳಂಕ ಎರಡನೆಯ ಮಹಾಯುದ್ಧದ ನಂತರವೂ ಆ ಹೆಸರಿಗೆ ಅಂಟಿಕೊಂಡಿತ್ತು. 1972ರಲ್ಲಿ ಲಂಡನ್ನಿನ ಟೇಟ್‌ನಲ್ಲಿ, 1974ರಲ್ಲಿ, ಅಂದರೆ ಹುಟ್ಟಿದ ಇನ್ನೂರನೆಯ ವರ್ಷದಲ್ಲಿ, ಹ್ಯಾಂಬರ್ಗ್ ಮತ್ತು ಡ್ರೆಸ್ಡನ್‌ಗಳಲ್ಲಿ ನಡೆದ ಪ್ರದರ್ಶನಗಳ ನಂತರ ಜನ ಮತ್ತೆ ಮನಬಿಚ್ಚಿ ನೋಡತೊಡಗಿದರು. ನಾವು ಎಲ್ಲೆಡೆ ಕಾಣುವ ಪಯಣಿಗನ ಚಿತ್ರ ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆ ಸಂಗ್ರಹಾಲಯಕ್ಕೆ ಬಂದದ್ದೇ 1970ರಲ್ಲಿ.

ನೋಡುವವರೇ ತುಂಬಲೆಂದು ಚಿತ್ರ ಜಾಗ ಬಿಡುತ್ತದೆ. ಅದರ ಆಕರ್ಷಣೆ ಅಲ್ಲಿದೆ. ಆದರೆ ಆ ಜಾಗವನ್ನು ಯಾರು ಬೇಕಾದರೂ ತುಂಬಬಹುದು, ದ್ವೇಷವನ್ನು ಕೂಡ ತುಂಬಬಹುದು. “ಎಲ್ಲ ಉತ್ತರವೂ ಸರಿ” ಎಂದ ಶಿಕ್ಷಕಿ ಅಂತಹ ಉತ್ತರಕ್ಕೆ ಏನು ಹೇಳುತ್ತಾಳೆ? ‘ಇದೆಲ್ಲಾ ನಂದೇ’ ಎಂದ ಹುಡುಗನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನಾನು ಅವನನ್ನು ಚಿತ್ರದ ಬಳಿಗೆ ಮರಳಿ ಕಳಿಸಲಿಲ್ಲ. ಮಾರ್ಗದರ್ಶಕರನ್ನು ಕೇಳಿ ‘ಬಿ’ ವಿಭಾಗಕ್ಕೆ ಇನ್ನೊಂದು ಅವಧಿ ಪಡೆದೆ.

ಮೂರನೆಯ ಅವಧಿ: “ಚಿತ್ರದಲ್ಲಿ ಎಲ್ಲಿದೆ?”

ಈ ಸಲ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದೆಂದು ನಿರ್ಧರಿಸಿದ್ದೆ: “ನೀನು ಹೇಳಿದ್ದು ಚಿತ್ರದಲ್ಲಿ ಎಲ್ಲಿದೆ?”

‘ಗೆದ್ದಿದ್ದಾನೆ’ ಎಂದವನು ಎತ್ತರದ ಬಂಡೆ, ಮುಂದಿಟ್ಟ ಕಾಲು, ಚಿತ್ರದ ನಡುವೆ ನಿಂತದ್ದನ್ನು ತೋರಿಸಿದ. ಸರಿಯಾದ ಆಧಾರಗಳೇ. ‘ದಾರಿ ತಪ್ಪಿದ್ದಾನೆ’ ಎಂದವಳು, “ಮುಂದೆ ಹೆಜ್ಜೆ ಇಡೋಕೆ ಜಾಗಾನೇ ಇಲ್ಲ. ಕಣಿವೆ ಎಷ್ಟು ಆಳ ಇದೆ ಅಂತ ಅವನಿಗೂ ಕಾಣಲ್ಲ” ಎಂದಳು. ಮೊದಲನೆಯವನು ಪ್ರಿಂಟನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿ, “ಹೌದು, ಗೆದ್ದೋನಿಗೆ ಮುಂದಿನ ದಾರಿ ಕಾಣ್ಬೇಕಿತ್ತು” ಎಂದ. ಅವನು ತನ್ನ ಉತ್ತರ ಬದಲಿಸಿದ ಎಂಬುದಕ್ಕಿಂತ, ಬದಲಿಸುವ ಮುನ್ನ ಮತ್ತೆ ನೋಡಿದ ಎಂಬುದು ನನಗೆ ಮುಖ್ಯ.

ನಂತರ ‘ಕಡಲ ತಡಿಯ ಸನ್ಯಾಸಿ’. ಮೂಲ ಚಿತ್ರದ ಅಳತೆ 110 ಸೆಂ.ಮೀ. ಎತ್ತರ, 171.5 ಸೆಂ.ಮೀ. ಅಗಲ. ಅಷ್ಟೇ ಅಳತೆಯ ಆಯತವನ್ನು ಮಕ್ಕಳಿಂದಲೇ ಮೀಟರ್ ಪಟ್ಟಿ ಹಿಡಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದೆ. ದಿಗಂತರೇಖೆ ಎಲ್ಲಿ ಬರುತ್ತದೆಂದು ಗುರುತಿಸಿದಾಗ ಮುಕ್ಕಾಲು ಭಾಗಕ್ಕೂ ಹೆಚ್ಚು ಆಕಾಶವೇ ಉಳಿಯಿತು. ಕೆಳಗೆ ಒಂದು ಮೂಲೆಯ ಕಡೆಗೆ ಸಣ್ಣ ಸನ್ಯಾಸಿ. 1810ರಲ್ಲಿ ಬರ್ಲಿನ್ನಿನಲ್ಲಿ ಇದನ್ನು ಮೊದಲು ನೋಡಿದವರು ಗಲಿಬಿಲಿಗೊಂಡರು. ಕಣ್ಣು ನಿಲ್ಲಲು ಮರವಿಲ್ಲ, ಮನೆಯಿಲ್ಲ, ಹಡಗಿಲ್ಲ. ಲೇಖಕ ಹೈನ್‌ರಿಖ್ ಫಾನ್ ಕ್ಲೈಸ್ಟ್ ತನ್ನ ಪತ್ರಿಕೆಯಲ್ಲಿ ಇದರ ಬಗ್ಗೆ ಬರಹ ಪ್ರಕಟಿಸಿದ. ಪ್ರಷ್ಯದ ರಾಜ ಇದನ್ನು ಕೊಂಡುಕೊಂಡ. ಅತಿಗೆಂಪು ಕಿರಣಗಳಿಂದ ಪರೀಕ್ಷಿಸಿದಾಗ ಬಣ್ಣದ ಅಡಿಯಲ್ಲಿ ಹಡಗುಗಳ ಗುರುತು ಸಿಕ್ಕಿದೆ. ಮೊದಲು ಹಡಗು ಇಡಬೇಕೆಂದಿದ್ದ ಫ್ರೀಡ್ರಿಖ್ ಆಮೇಲೆ ಕೈಬಿಟ್ಟಿದ್ದ. ಅತಿಗೆಂಪು ಬೆಳಕು ಮೇಲಿನ ಬಣ್ಣದ ಪದರವನ್ನು ಹಾದು ಕೆಳಗಿನ ರೇಖೆಯನ್ನು ತೋರಿಸುತ್ತದೆ ಎಂಬುದನ್ನು ಬೆಳಕಿನ ಪಾಠಕ್ಕೆ ಜೋಡಿಸಿಕೊಂಡೆ. “ಹಡಗು ಇದ್ದಿದ್ರೆ ಅದನ್ನೇ ನೋಡ್ಕೊಂಡು ಹೋಗ್ಬಿಡ್ತಿದ್ವಿ” ಎಂಬುದು ಒಬ್ಬ ವಿದ್ಯಾರ್ಥಿನಿಯ ಮಾತು.

ಕೊನೆಗೆ ‘ಹಿಮದ ಕಡಲು’. ಚೂಪಾದ ಮಂಜುಗಡ್ಡೆಯ ಹಲಗೆಗಳು ಒಂದರ ಮೇಲೊಂದು ಏರಿ ಗೋಪುರದಂತೆ ನಿಂತಿವೆ. ಬಲಗಡೆ ಮುರಿದ ಹಡಗಿನ ಸಣ್ಣ ಭಾಗ ಮಾತ್ರ ಕಾಣುತ್ತದೆ. ಇಲ್ಲಿ ನೋಡುವ ಮನುಷ್ಯನೂ ಇಲ್ಲ. ಎಲ್ಬ್ ನದಿ ಹೆಪ್ಪುಗಟ್ಟಿದ ಚಳಿಗಾಲವೊಂದರಲ್ಲಿ ಮಾಡಿಕೊಂಡ ಅಭ್ಯಾಸಚಿತ್ರಗಳಿಂದ ಫ್ರೀಡ್ರಿಖ್ ಉತ್ತರ ಧ್ರುವದ ಕಡಲನ್ನು ಕಟ್ಟಿದ. ಧ್ರುವದ ಕಡೆಗೆ ಅವನು ಹೋದವನೇ ಅಲ್ಲ. ಈ ಚಿತ್ರ ಅವನು ಸಾಯುವವರೆಗೂ ಮಾರಾಟವಾಗಲಿಲ್ಲ. ಅವನ ಮರಣಾನಂತರ ಗೆಳೆಯ ಡಾಲ್ ಅದನ್ನು ಕೊಂಡುಕೊಂಡ.

ಇಲ್ಲಿ ನನಗೊಂದು ಆಯ್ಕೆಯಿತ್ತು. ತಮ್ಮನ ಸಾವಿನ ಕಥೆಯನ್ನು ಮೊದಲೇ ಹೇಳಿದ್ದರೆ ಇಡೀ ತರಗತಿ “ತಮ್ಮನ ನೆನಪಿಗೆ ಬರೆದ” ಎಂದು ತೀರ್ಮಾನಿಸಿ ಚಿತ್ರವನ್ನು ಬದಿಗಿಡುತ್ತಿತ್ತು. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಂಡೆ. ಮಕ್ಕಳು ಮೊದಲು ಮಂಜುಗಡ್ಡೆಯ ಕೋನಗಳನ್ನು, ಬಣ್ಣಗಳನ್ನು ಹೇಳಿದರು. ಹಡಗು ಎಲ್ಲಿದೆ ಎಂದು ಕಂಡುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಗೆದ್ದವರು ಯಾರು ಎಂದು ಕೇಳಿದಾಗ ಎಲ್ಲರೂ “ಮಂಜುಗಡ್ಡೆ” ಎಂದರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, “ಆಗ ಹಡಗು ಮುಳುಗ್ತು. ಈಗ ಮಂಜುಗಡ್ಡೆನೇ ಕರಗ್ತಿದೆ ಅಲ್ವಾ ಮಿಸ್?” ಎಂದಳು. ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಆಮೇಲೆ ತಮ್ಮನ ವಿಷಯ ಹೇಳಿದೆ. ಯಾರೂ ಅದನ್ನು ‘ಉತ್ತರ’ ಎಂದು ಬರೆದುಕೊಳ್ಳಲಿಲ್ಲ. ಪ್ರಿಂಟನ್ನು ಮತ್ತೊಮ್ಮೆ ನೋಡಿದರು.

ಇಂದಿಗೂ ಏಕೆ?

ಫ್ರೀಡ್ರಿಖ್ ಹುಟ್ಟಿ 250 ವರ್ಷ ತುಂಬಿದ ಸಂದರ್ಭದಲ್ಲಿ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡನ್‌ಗಳಲ್ಲಿ ಸಾಲಾಗಿ ದೊಡ್ಡ ಪ್ರದರ್ಶನಗಳು ನಡೆದವು. 2025ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿಯೂ ನಡೆಯಿತು. ಹ್ಯಾಂಬರ್ಗ್ ಒಂದಕ್ಕೇ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು. ಅಲ್ಲಿ ಇಂದಿನ ಕಲಾವಿದರ ಕೃತಿಗಳನ್ನೂ ಜೊತೆಗಿಟ್ಟು, ಮನುಷ್ಯ ಮತ್ತು ನಿಸರ್ಗದ ಸಂಬಂಧವನ್ನು ಈ ಕಾಲದ ಪ್ರಶ್ನೆಯಾಗಿಯೇ ಎತ್ತಿಕೊಂಡಿದ್ದರು. ನಮ್ಮ ತರಗತಿಯ ಹುಡುಗಿ ಕೇಳಿದ್ದೂ ಅದೇ ಪ್ರಶ್ನೆ.

ಮಕ್ಕಳ ಉತ್ತರಗಳನ್ನು ಒಟ್ಟು ಮಾಡಿ ನೋಡಿದರೆ ಮೂರು ಕಾರಣ ಕಾಣುತ್ತವೆ. ಮೊದಲನೆಯದು, ಬೆನ್ನು ತೋರಿಸಿ ನಿಂತ ಆಕೃತಿ ನಮ್ಮನ್ನು ತನ್ನ ಜಾಗಕ್ಕೆ ಕರೆಯುತ್ತದೆ. ಎರಡನೆಯದು, ಕಡಿಮೆ ವಸ್ತುಗಳಿರುವುದರಿಂದ ಕಣ್ಣು ನಿಧಾನವಾಗುತ್ತದೆ. ಮೂರನೆಯದು, ನಿಸರ್ಗದ ಮುಂದೆ ಮನುಷ್ಯ ದೊಡ್ಡವನೋ ಚಿಕ್ಕವನೋ ಎಂಬುದನ್ನು ಚಿತ್ರ ತೀರ್ಮಾನಿಸಿ ಹೇಳುವುದಿಲ್ಲ. ಬೆಟ್ಟದ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು ಮೊದಲನೆಯದನ್ನು ತಮಗೆ ಗೊತ್ತಿಲ್ಲದೆಯೇ ಫ್ರೀಡ್ರಿಖ್‌ನಿಂದ ಪಡೆದಿದ್ದಾರೆ. ಉಳಿದೆರಡಕ್ಕೆ ಸ್ವಲ್ಪ ಹೊತ್ತು ನಿಂತು ನೋಡಬೇಕು.

ಮೌಲ್ಯಮಾಪನ

1. ಚಿತ್ರದಲ್ಲಿ ನೀವು ಕಂಡ ಐದು ಸಂಗತಿ ಬರೆಯಿರಿ. (‘ಸುಂದರ’, ‘ಭವ್ಯ’ ಮೊದಲಾದ ಪದಗಳನ್ನು ಬಳಸಬಾರದು.)
2. ನಿಮಗೆ ಅನಿಸಿದ ಒಂದು ಸಂಗತಿ ಬರೆದು, ಅದಕ್ಕೆ ಚಿತ್ರದಿಂದ ಎರಡು ಆಧಾರ ಕೊಡಿ.
3. ನಿಮ್ಮ ಅನಿಸಿಕೆಗೆ ವಿರುದ್ಧವಾಗಿ ಹೋಗುವ ಒಂದು ಆಧಾರ ಚಿತ್ರದಲ್ಲಿದೆಯೇ?
4. ಮನೆಗೆಲಸ: ನಿಮ್ಮ ಊರಿನ ಒಂದು ದೃಶ್ಯವನ್ನು ಹತ್ತು ನಿಮಿಷ ನೋಡಿ, ದಿಗಂತರೇಖೆಯನ್ನು ಗುರುತಿಸಿ ರೇಖಾಚಿತ್ರ ಬರೆಯಿರಿ. ಫೋಟೊ ತೆಗೆಯಬಾರದು.

ಮೂರನೆಯ ಪ್ರಶ್ನೆ ಅತ್ಯಂತ ಕಷ್ಟವಾಯಿತು. ಹೆಚ್ಚಿನವರು ಖಾಲಿ ಬಿಟ್ಟರು. ಪ್ರಯೋಗದ ಫಲಿತಾಂಶ ತನ್ನ ಊಹೆಗೆ ವಿರುದ್ಧವಾಗಿ ಬಂದಾಗ ಅದನ್ನು ಹಾಗೆಯೇ ಬರೆಯಬೇಕೆಂದು ವಿಜ್ಞಾನದ ತರಗತಿಯಲ್ಲಿ ಹೇಳುತ್ತೇವೆ. ಅದೇ ಅಭ್ಯಾಸ ಇಲ್ಲಿಯೂ ಬೇಕು, ಇದಕ್ಕೆ ಒಂದೆರಡು ಅವಧಿ ಸಾಲದು.

ಅನುಚಿಂತನೆ

ಈ ಪಾಠದಿಂದ ನಾನು ಕಲಿತದ್ದು ಒಂದು ಕ್ರಮ. ಮೊದಲು ನೋಟ, ಆಮೇಲೆ ಮಾತು, ಆಮೇಲೆ ಮಾಹಿತಿ, ಮತ್ತೆ ನೋಟ. ಮಾಹಿತಿ ಮೊದಲು ಬಂದರೆ ಮಕ್ಕಳು ‘ಎ’ ವಿಭಾಗದವರಂತೆ ಹಲಗೆಯನ್ನು ಓದುತ್ತಾರೆ. ಮಾಹಿತಿ ಬಾರದೇ ಇದ್ದರೆ ನಾನು ‘ಬಿ’ ವಿಭಾಗದಲ್ಲಿ ಮಾಡಿದಂತೆ ಎಲ್ಲವೂ ಸರಿ ಎಂದು ಕೈತೊಳೆದುಕೊಳ್ಳುತ್ತೇವೆ. ‘ಎ’ ವಿಭಾಗದ ಮಕ್ಕಳಿಗೆ ಮೂರನೆಯ ಅವಧಿ ಸಿಗಲಿಲ್ಲ ಎಂಬ ಕೊರಗು ನನಗಿದೆ. ಅಭ್ಯಾಸ ಬೋಧನೆಯ ಕೊನೆಯ ದಿನ ಮೂರೂ ಪ್ರಿಂಟುಗಳನ್ನು ಅವರ ತರಗತಿಯ ಗೋಡೆಗೆ ಅಂಟಿಸಿ ಬಂದೆ. ಕೆಳಗೆ ಹೆಸರಾಗಲಿ ವಿವರಣೆಯಾಗಲಿ ಬರೆಯಲಿಲ್ಲ.